ಕುಮ್ಮಟದ ಕಂಪಿಲರಾಯ

ನಮ್ಮ ಬಳ್ಳಾರಿ ಸೀಮೆಯಲ್ಲಿ ಕುಮಾರರಾಮನ ಹೆಸರನ್ನು ಕೇಳದವರು ವಿರಳ. ಪರನಾರೀ ಸೋದರನೆಂದು ಬಿರುದು ಹೊತ್ತ ಆ ವೀರನನ್ನು ಕವಿಗಳು ಹಾಡಿದ್ದಾರೆ; ಬಯಲಾಟದವರು ಬಣ್ಣ ಹಚ್ಚಿ ಕುಣಿದಿದ್ದಾರೆ; ಸಂಡೂರಿನ ಬೆಟ್ಟಸಾಲಿನ ರಾಮಗಡಕ್ಕೆ ಆ ಹೆಸರು ಬಂದದ್ದು ಅವನಿಂದಲೇ ಎಂದು ನಮ್ಮ ಹಿರಿಯರು ನಂಬಿದ್ದಾರೆ. ಆದರೆ ಅವನ ತಂದೆಯಾದ ಕಂಪಿಲರಾಯನ ಮಾತು ಬಂದಾಗ ಜನರ ಮುಖದಲ್ಲಿ ಒಂದು ಬಗೆಯ ತಾತ್ಸಾರದ ನಗೆ ಸುಳಿಯುತ್ತದೆ. ಮುಪ್ಪಿನ ಕಾಲಕ್ಕೆ ಕಿರಿಯ ಹೆಂಡತಿಯ ಮಾತನ್ನು ನಂಬಿ ಹೆತ್ತ ಮಗನ ತಲೆಯನ್ನು ತೆಗೆಸಹೊರಟ ಅವಿವೇಕಿ ಎಂಬುದೇ ಆತನಿಗೆ ದೊರೆತಿರುವ ಕೀರ್ತಿ. ಸುಮಾರು ಏಳುನೂರು ವರ್ಷಗಳಿಂದ ಈ ದೊರೆಯು ಮಗನ ನೆರಳಿನಲ್ಲಿ ತಲೆ ತಗ್ಗಿಸಿ ನಿಂತಿದ್ದಾನೆ. ಇದು ನ್ಯಾಯವೇ ಎಂಬುದನ್ನು ಸಹಪಾಠಿಗಳ ಮುಂದೆ ಇಡಬೇಕೆಂಬುದೇ ಈ ಲೇಖನದ ಉದ್ದೇಶ.

ಮೊದಲು ನಾಡನ್ನು ನೋಡೋಣ. ತುಂಗಭದ್ರೆಯ ದಂಡೆಯಲ್ಲಿರುವ ಕಂಪ್ಲಿಯು ಹೊಸದಾಗಿ ಹುಟ್ಟಿದ ಊರಲ್ಲ. ಹನ್ನೊಂದನೆಯ ಶತಮಾನದಲ್ಲಿಯೇ ಅದು ಕಲ್ಯಾಣದ ಚಾಲುಕ್ಯರ ನೆಲೆವೀಡಾಗಿತ್ತು. ಚೋಳರ ರಾಜಾಧಿರಾಜನು ದಂಡೆತ್ತಿ ಬಂದಾಗ ಅಲ್ಲಿದ್ದ ಚಾಲುಕ್ಯರ ಅರಮನೆಯನ್ನು ನೆಲಸಮ ಮಾಡಿದನೆಂದು ಅವನ ಶಾಸನಗಳು ಹೆಮ್ಮೆಪಟ್ಟುಕೊಳ್ಳುತ್ತವೆ. ಹೊಳೆಯ ಬದಿಗೆ ಬತ್ತ ಬೆಳೆಯುವ ಕಪ್ಪು ನೆಲ. ಸ್ವಲ್ಪ ಈಚೆ ಬಂದರೆ ಬಂಡೆಯ ಮೇಲೆ ಬಂಡೆ ಪೇರಿಸಿಟ್ಟಂಥ ಗುಡ್ಡಗಳು. ತೆಂಕಣಕ್ಕೆ ನಮ್ಮ ಸಂಡೂರಿನ ಕೆಂಪು ಮಣ್ಣಿನ ಬೆಟ್ಟಗಳು. ಉಣ್ಣುವುದಕ್ಕೆ ಹೊಳೆ, ಅಡಗುವುದಕ್ಕೆ ಗುಡ್ಡ. ಇಂಥ ನಾಡು ಒಬ್ಬ ಪಾಳೆಯಗಾರನನ್ನು ಸಾಕಬಲ್ಲದು. ಆದರೆ ಒಬ್ಬ ಚಕ್ರವರ್ತಿಯ ದಂಡು ತಿಂಗಳುಗಟ್ಟಲೆ ಮುತ್ತಿಗೆ ಹಾಕಿ ಕುಳಿತರೆ ಅದನ್ನು ತಾಳುವಷ್ಟು ಕಣಜ ಈ ಬಂಡೆಗಳಲ್ಲಿ ಇಲ್ಲ. ಈ ಮಾತನ್ನು ಮುಂದೆ ನೆನೆಯಬೇಕಾಗುತ್ತದೆ.

ಹದಿಮೂರನೆಯ ಶತಮಾನದ ಕೊನೆಯ ಭಾಗದಲ್ಲಿ ಈ ಪ್ರದೇಶವನ್ನು ಮುಮ್ಮಡಿ ಸಿಂಗೆಯ ನಾಯಕನೆಂಬವನು ಆಳುತ್ತಿದ್ದನು. ಉತ್ತರಕ್ಕೆ ದೇವಗಿರಿಯ ಸೇವುಣರು, ದಕ್ಷಿಣಕ್ಕೆ ದೋರಸಮುದ್ರದ ಹೊಯ್ಸಳರು. ನಡುವೆ ಈ ಗಡಿನಾಡು. ಸಿಂಗೆಯ ನಾಯಕನು ಸೇವುಣರ ಕಡೆಯವನು. ಅವನ ಮಗನೇ ಕಂಪಿಲದೇವ. ಯೌವನದಲ್ಲಿ ಈತನು ತನ್ನ ಒಡೆಯರ ಪರವಾಗಿ ಹೊಯ್ಸಳರ ಮೇಲೆ ಕತ್ತಿ ಹಿಡಿದವನು. 1303ರಲ್ಲಿ ಹೊಳಲ್ಕೆರೆಯವರೆಗೆ ನುಗ್ಗಿ ಹೋದಾಗ, ಇಂದಿನ ಚಿತ್ರದುರ್ಗವಾದ ಬೆಮ್ಮತ್ತನಕಲ್ಲನ್ನು ಆಳುತ್ತಿದ್ದ ಹೊಯ್ಸಳ ಅಧಿಕಾರಿ ಸೋಮೆಯ ದಣ್ಣಾಯಕನು ಆ ಕಾಳಗದಲ್ಲಿ ಮಡಿದನು. ಮುಂದಿನ ದುರಂತದ ಒಂದು ಬೇರು ಇಲ್ಲಿಯೇ ಇದೆ. ಹೊಯ್ಸಳರಿಗೂ ಕಂಪಿಲನಿಗೂ ಬೆಳೆದ ಈ ಹಗೆ ಕೊನೆಯವರೆಗೂ ಆರಲಿಲ್ಲ.

ಆತನ ಇನ್ನೊಂದು ಗುರುತು ಹಂಪೆಯ ಹೇಮಕೂಟದ ಮೇಲಿದೆ. ಅಲ್ಲಿನ ಶಾಸನವೊಂದು, ಮುಮ್ಮಡಿ ಸಿಂಗೆಯ ನಾಯಕನ ಮಗನಾದ ವೀರ ಕಂಪಿಲದೇವನು ಶಿವಾಲಯವನ್ನು ಕಟ್ಟಿಸಿ ತನ್ನ ಹಿರಿಯರ ನೆನಪಿಗಾಗಿ ಮೂರು ಲಿಂಗಗಳನ್ನು ಪ್ರತಿಷ್ಠಿಸಿದನೆಂದು ತಿಳಿಸುತ್ತದೆ. ಹಂಪೆಯೆಂದೊಡನೆ ಕೃಷ್ಣದೇವರಾಯನನ್ನೂ ಕಲ್ಲಿನ ರಥವನ್ನೂ ನೆನೆಯುವ ನಾವು, ವಿಜಯನಗರವೆಂಬ ಹೆಸರು ಹುಟ್ಟುವುದಕ್ಕೆ ಮೊದಲೇ ಆ ಗುಡ್ಡದ ಮೇಲೆ ಒಬ್ಬ ಮಗನು ತಂದೆಯ ಹೆಸರಿನಲ್ಲಿ ಗುಡಿ ಕಟ್ಟಿಸಿದ್ದನೆಂಬುದನ್ನು ಮರೆಯುತ್ತೇವೆ. ಮೆಟ್ಟಿಲು ಮೆಟ್ಟಿಲಾಗಿ ಮೇಲೇರಿದ ಶಿಖರಗಳ ಆ ಸಣ್ಣ ಗುಡಿಗಳ ಮುಂದೆ ಪ್ರವಾಸಿಗರು ಸೂರ್ಯಾಸ್ತವನ್ನು ನೋಡಿ ಹೊರಟುಹೋಗುತ್ತಾರೆ. ಅವರನ್ನು ದೂರಿ ಪ್ರಯೋಜನವಿಲ್ಲ. ನಮ್ಮ ಕಾಲೇಜಿನಿಂದ ಪ್ರವಾಸ ಹೋದಾಗ ನಾವೂ ಮಾಡಿದ್ದು ಅದನ್ನೇ.

ಇಷ್ಟರಲ್ಲಿ ಉತ್ತರದಿಂದ ಬಿರುಗಾಳಿ ಎದ್ದಿತ್ತು. 1296ರಲ್ಲಿ ಅಲ್ಲಾವುದ್ದೀನನು ದೇವಗಿರಿಯನ್ನು ಸೂರೆ ಮಾಡಿದನು. ಆಮೇಲೆ ಮಲಿಕ್ ಕಾಫೂರನ ದಂಡಯಾತ್ರೆಗಳು. 1311ರಲ್ಲಿ ದೋರಸಮುದ್ರವು ಬಾಗಿತು. 1318ರ ಹೊತ್ತಿಗೆ ಸೇವುಣರ ಮನೆತನವೇ ಮುಗಿದುಹೋಯಿತು. 1323ರಲ್ಲಿ ಓರುಗಲ್ಲಿನ ಕಾಕತೀಯರೂ ಅಳಿದರು. ದೊಡ್ಡ ಮರಗಳೆಲ್ಲ ಒಂದೊಂದಾಗಿ ಉರುಳುತ್ತಿರುವಾಗ ಈ ಗಡಿಯ ನಾಯಕನು ಮಾತ್ರ ತಲೆಯೆತ್ತಿ ನಿಂತನು. ಒಡೆಯರು ಹೋದ ಮೇಲೆ ಒಡೆತನವನ್ನು ತಾನೇ ವಹಿಸಿಕೊಂಡನು. ದಿಲ್ಲಿಗೆ ತಲೆಬಾಗಲಿಲ್ಲ. ಹೊಳೆಯ ಆಚೆ ಈಗಿನ ಗಂಗಾವತಿ ತಾಲ್ಲೂಕಿನ ಕುಮ್ಮಟದುರ್ಗ, ಈಚೆ ಕಂಪ್ಲಿ, ಹಿಂಬದಿಗೆ ಹೊಸಮಲೆದುರ್ಗ. ಈ ಕೋಟೆಗಳ ನಡುವೆ ಆತನ ರಾಜ್ಯವಿತ್ತು.

ಯುರೋಪಿನ ಇತಿಹಾಸದ ಪಾಠದಲ್ಲಿ ಧರ್ಮಯುದ್ಧಗಳ ಕಾಲದ ಫ್ರೆಂಚ್ ಸರದಾರರ ವಿಷಯವನ್ನು ಓದಿದಾಗ ನನಗೆ ಕಂಪಿಲನ ನೆನಪಾಯಿತು. ಅವರೂ ಸಮುದ್ರತೀರದ ಕಿರಿದಾದ ನಾಡಿನಲ್ಲಿ ಕೋಟೆಗಳನ್ನು ಕಟ್ಟಿಕೊಂಡು ದೊಡ್ಡ ಸುಲ್ತಾನರ ಎದುರು ಬಾಳಿದವರು. ಅವರಲ್ಲಿ ಟ್ರಿಪೊಲಿಯ ಮೂರನೆಯ ರೇಮಂಡನು ಸ್ವಮತದವರೊಡನೆ ಮನಸ್ತಾಪ ಬೆಳೆದಾಗ ಸಲಾದೀನನೊಡನೆಯೇ ಸಂಧಿ ಮಾಡಿಕೊಂಡವನು. ಆ ಸರದಾರರ ಕೊನೆಯ ದೊಡ್ಡ ನೆಲೆಯಾದ ಏಕರ್ ಪಟ್ಟಣವು 1291ರಲ್ಲಿ ಬಿದ್ದಿತು. ನಮ್ಮ ಕಂಪಿಲನು ಕತ್ತಿ ಹಿಡಿಯತೊಡಗಿದ ಕಾಲವೂ ಹೆಚ್ಚು ಕಡಿಮೆ ಅದೇ. ಅವರು ಹೊರಗಿನಿಂದ ಬಂದವರು, ಈತನು ಮಣ್ಣಿನ ಮಗ. ಈ ಭೇದವನ್ನು ಮರೆಯಬಾರದು. ಆದರೂ ಗಡಿನಾಡಿನ ದೊರೆಗೆ ಯಾವ ದೇಶದಲ್ಲಾದರೂ ಒಂದೇ ಕಷ್ಟ. ಯಾರು ತನ್ನವರು, ಯಾರು ಹೊರಗಿನವರು ಎಂಬುದನ್ನು ರಾಜಧಾನಿಯಲ್ಲಿ ಕುಳಿತವರು ಮತದಿಂದ ಅಳೆಯಬಹುದು. ಗಡಿಯಲ್ಲಿ ನಿಂತವನು ಮನುಷ್ಯರನ್ನು ನೋಡಿಯೇ ಅಳೆಯಬೇಕು.

ಕಂಪಿಲನ ಪಾಲಿಗೆ ಹಗೆಯಾದವನು ಸ್ವಮತದ ಹೊಯ್ಸಳ ದೊರೆ ಮೂರನೆಯ ಬಲ್ಲಾಳ. 1320ರ ಸುಮಾರಿಗೆ ಬಲ್ಲಾಳನು ದೊರವಡಿಯ ಮೇಲೆ ದಂಡೆತ್ತಿ ಬಂದನೆಂದು ಶಾಸನಗಳಿಂದ ತಿಳಿಯುತ್ತದೆ. ಈ ದೊರವಡಿಯನ್ನು ವಿದ್ವಾಂಸರು ಇಂದು ಕರಡಿಧಾಮಕ್ಕೆ ಹೆಸರಾದ ನಮ್ಮ ತಾಲ್ಲೂಕಿನ ದರೋಜಿಯೆಂದು ಗುರುತಿಸಿದ್ದಾರೆ. ದಿಲ್ಲಿಯ ದಂಡು ಒಮ್ಮೆ ಬಂದು ಹೋಗಿದೆ, ಮತ್ತೆ ಬರುವುದು ನಿಶ್ಚಯ ಎಂದು ಇಬ್ಬರಿಗೂ ಗೊತ್ತಿದ್ದ ಕಾಲವದು. ಅಂಥ ಸಮಯದಲ್ಲಿ ಈ ಇಬ್ಬರು ಕನ್ನಡ ದೊರೆಗಳು ದರೋಜಿಯ ಬಯಲಿನಲ್ಲಿ ಪರಸ್ಪರ ಹೊಡೆದಾಡಿ ತಮ್ಮ ಬಲವನ್ನು ಕಳೆದುಕೊಂಡರು. ತಪ್ಪು ಬಲ್ಲಾಳನೊಬ್ಬನದೇ ಎಂದು ಹೇಳಲಾರೆ. ಹೊಳಲ್ಕೆರೆಯ ಸಾಲ ಬಡ್ಡಿ ಸಹಿತ ಹಿಂದಿರುಗಿ ಬಂದಿತ್ತು.

1325ರಲ್ಲಿ ಮಹಮ್ಮದ್ ಬಿನ್ ತುಘಲಕನು ದಿಲ್ಲಿಯ ಪಟ್ಟವೇರಿದನು. ಅವನ ಸೋದರತ್ತೆಯ ಮಗನಾದ ಬಹಾವುದ್ದೀನ್ ಗುರ್ಷಾಸ್ಪನು ಆಗ ಸಗರದ ಅಧಿಕಾರಿ. ಸಗರವೆಂದರೆ ಈಗಿನ ಯಾದಗಿರಿ ಜಿಲ್ಲೆಯ ಶಹಾಪುರದ ಬಳಿಯ ಊರು; ಕಂಪಿಲನ ನೆರೆಯೆಂದೇ ಹೇಳಬೇಕು. ಗುರ್ಷಾಸ್ಪನು ಹೊಸ ಸುಲ್ತಾನನನ್ನು ಒಪ್ಪದೆ ದಂಗೆಯೆದ್ದನು. ದೇವಗಿರಿಯ ಕಡೆ ನಡೆದ ಯುದ್ಧದಲ್ಲಿ ಸೋತನು. ಸಗರಕ್ಕೆ ಹಿಂದಿರುಗಿದನು, ಅಲ್ಲಿಯೂ ನಿಲ್ಲಲಾಗಲಿಲ್ಲ. ಹೆಂಡಿರು ಮಕ್ಕಳನ್ನು ಕಟ್ಟಿಕೊಂಡು ಕಂಪಿಲನ ಬಾಗಿಲಿಗೆ ಬಂದನು. ಕಂಪಿಲನು ಅಭಯವನ್ನು ಕೊಟ್ಟನು.

ಈ ಅಭಯದ ಹಿಂದೆ ಕೇವಲ ಕರುಣೆಯಿತ್ತೆಂದು ನಾನು ವಾದಿಸುವುದಿಲ್ಲ. ಕಂಪಿಲನು ನಲವತ್ತು ವರ್ಷ ರಾಜಕಾರಣವನ್ನು ಕಂಡವನು. ದಿಲ್ಲಿಯ ಸೇನೆ ಇಂದಲ್ಲ ನಾಳೆ ತನ್ನ ಮೇಲೆ ಬಂದೇ ಬರುವುದೆಂದು ಅರಿತವನು. ಸುಲ್ತಾನನ ದಂಡಿನ ಒಳಗುಟ್ಟನ್ನು ಬಲ್ಲ ಸೇನಾನಿಯೊಬ್ಬನು ಜೊತೆಗಿದ್ದರೆ ಲಾಭವೆಂಬ ಲೆಕ್ಕಾಚಾರವೂ ಇದ್ದಿರಬಹುದು. ಇದ್ದರೆ ಅದರಲ್ಲಿ ನಾಚಿಕೆಯೇನಿದೆ? ಲೆಕ್ಕದಿಂದ ಕೊಟ್ಟ ಮಾತನ್ನು ಲೆಕ್ಕ ತಪ್ಪಿದ ಮೇಲೂ ಆತನು ನಡೆಸಿದನೇ ಎಂಬುದನ್ನು ಮಾತ್ರ ನೋಡಬೇಕು.

ಸುಲ್ತಾನನ ಸೇನೆ ಕುಮ್ಮಟದ ಮೇಲೆ ಬಂದಿತು. ಮೊದಲೆರಡು ಸಲ ಬಂದ ದಂಡುಗಳು ಸೋತು ಹಿಂದಿರುಗಿದವು. ಕುಮ್ಮಟದ ಬಂಡೆಗಳನ್ನು ಕಂಡವರಿಗೆ ಇದರಲ್ಲಿ ಅಚ್ಚರಿಯೆನಿಸದು. ಆ ಸಂದುಗಳಲ್ಲಿ ಹತ್ತು ಮಂದಿ ನೂರು ಮಂದಿಯನ್ನು ತಡೆಯಬಲ್ಲರು. ಮೂರನೆಯ ಸಲ ಇನ್ನೂ ದೊಡ್ಡ ಸೇನೆ ಬಂದಿತು; ಕುಮ್ಮಟ ಬಿದ್ದಿತು. ಕಂಪಿಲನು ಅತಿಥಿಯನ್ನೂ ತನ್ನ ಪರಿವಾರವನ್ನೂ ಕರೆದುಕೊಂಡು ಹೊಸದುರ್ಗವನ್ನು ಸೇರಿದನು. ಆ ಕೋಟೆಯು ಸಂಡೂರಿನ ಬೆಟ್ಟಗಳಲ್ಲಿತ್ತೆಂದು ಕೆಲವು ವಿದ್ವಾಂಸರೂ, ಅದು ಆನೆಗೊಂದಿಯೇ ಎಂದು ಕೆಲವರೂ ಹೇಳುತ್ತಾರೆ. ನಾನು ಸಂಡೂರು ತಾಲ್ಲೂಕಿನ ಚೋರನೂರಿನವಳಾದ್ದರಿಂದ ಮೊದಲಿನ ಪಕ್ಷಕ್ಕೆ ಮನಸ್ಸು ವಾಲುತ್ತದೆಯೆಂದು ಓದುಗರು ನಕ್ಕರೆ ನನ್ನ ಆಕ್ಷೇಪಣೆಯಿಲ್ಲ. ಎಲ್ಲಿದ್ದರೇನು, ಅವಸರದಲ್ಲಿ ಸೇರಿದ ಕೋಟೆಯಲ್ಲಿ ಧಾನ್ಯದ ಸಂಗ್ರಹ ಸಾಲದಾಯಿತು. ಸುಮಾರು ಒಂದು ತಿಂಗಳಲ್ಲಿ ಕಣಜಗಳು ಬರಿದಾದವು.

ಇಲ್ಲಿಂದ ಮುಂದಿನದನ್ನು ನಮಗೆ ತಿಳಿಸಿದವನು ಮೊರಾಕ್ಕೋ ದೇಶದ ಪ್ರವಾಸಿ ಇಬ್ನ್ ಬತೂತ. ಅವನು ಹಿಂದೂಸ್ತಾನಕ್ಕೆ ಬಂದದ್ದು 1333ರಲ್ಲಿ, ಎಂದರೆ ಈ ಘಟನೆ ನಡೆದು ಆರು ವರ್ಷಗಳ ಮೇಲೆ. ದಿಲ್ಲಿಯಲ್ಲಿ ಸುಲ್ತಾನನ ಕೈಕೆಳಗೆ ನ್ಯಾಯಾಧಿಕಾರಿಯಾಗಿದ್ದವನು. ಕಂಪಿಲನನ್ನು ಹೊಗಳಿ ಅವನಿಗೆ ಆಗಬೇಕಾದದ್ದೇನೂ ಇರಲಿಲ್ಲ. ಅಂಥವನ ಬರಹದಲ್ಲಿ ನಮ್ಮ ದೊರೆಯು ಹೇಗೆ ಕಾಣಿಸುತ್ತಾನೆಂಬುದನ್ನು ಗಮನಿಸಬೇಕು.

ಅವನ ಪ್ರಕಾರ, ಉಳಿಯುವ ದಾರಿ ಮುಚ್ಚಿತೆಂದು ತಿಳಿದಾಗ ಕಂಪಿಲನು ಮೊದಲು ಯೋಚಿಸಿದ್ದು ಅತಿಥಿಯನ್ನು. ತಾನು ತನ್ನವರೊಡನೆ ಸಾಯಲು ನಿರ್ಧರಿಸಿರುವುದಾಗಿಯೂ, ಅವನು ಇನ್ನೊಬ್ಬ ಅರಸನಲ್ಲಿಗೆ ಹೋಗಿ ಬದುಕಿಕೊಳ್ಳಬೇಕೆಂದೂ ಗುರ್ಷಾಸ್ಪನಿಗೆ ತಿಳಿಸಿ, ಅವನನ್ನು ಅಲ್ಲಿಗೆ ಕಳುಹಿಸುವ ಏರ್ಪಾಡನ್ನೂ ಮಾಡಿದನು. ಆ ಅರಸನು ಬೇರೆ ಯಾರೂ ಅಲ್ಲ, ಹೊಯ್ಸಳ ಬಲ್ಲಾಳ! ಆಜನ್ಮ ವೈರಿಯ ಮನೆಗೆ ತನ್ನ ಅತಿಥಿಯನ್ನು ಕಳುಹಿಸುವಾಗ ಆ ಮುದುಕನ ಮನಸ್ಸಿನಲ್ಲಿ ಏನಿದ್ದಿರಬಹುದು? ಆದರೆ ಬೇರೆ ಯಾರಿದ್ದರು? ದೇವಗಿರಿ ಇಲ್ಲ, ಓರುಗಲ್ಲು ಇಲ್ಲ. ಹತ್ತಿರದಲ್ಲಿ ದಿಲ್ಲಿಯ ಎದುರು ಅಭಯ ಕೊಡಬಲ್ಲ ಸಿಂಹಾಸನವೆಂದರೆ ಅದೊಂದೇ ಉಳಿದಿತ್ತು.

ಒಂದು ಮಾತನ್ನು ಇಲ್ಲಿ ನಿಂತು ಯೋಚಿಸಬೇಕು. ಗುರ್ಷಾಸ್ಪನನ್ನು ಕೈಕಾಲು ಕಟ್ಟಿ ಕೋಟೆಯ ಬಾಗಿಲಿನಿಂದ ಹೊರಕ್ಕೆ ಕಳುಹಿಸಿದ್ದರೆ ಕಂಪಿಲನಿಗೆ ಪ್ರಾಣಭಿಕ್ಷೆಯಾದರೂ ದೊರೆಯುತ್ತಿತ್ತು, ಬಹುಶಃ ಸಾಮಂತ ಪದವಿಯೂ ದೊರೆಯುತ್ತಿತ್ತು. ಸೋತ ಅರಸರು ಹಾಗೆ ಬದುಕಿಕೊಂಡ ನಿದರ್ಶನಗಳು ಆ ಕಾಲದಲ್ಲಿ ಬೇಕಾದಷ್ಟಿವೆ. ಅತಿಥಿಯು ಸ್ವಮತದವನಲ್ಲ, ಸ್ವಭಾಷೆಯವನಲ್ಲ, ಬಂಧುವಲ್ಲ. ಕೊಟ್ಟ ಮಾತೊಂದು ಬಿಟ್ಟರೆ ಇಬ್ಬರಿಗೂ ಮತ್ತಾವ ನಂಟೂ ಇರಲಿಲ್ಲ.

ಆಮೇಲೆ ಕಂಪಿಲನು ದೊಡ್ಡದೊಂದು ಅಗ್ನಿಕುಂಡವನ್ನು ಹೊತ್ತಿಸಿ ತನ್ನ ಸಂಪತ್ತನ್ನು ಅದಕ್ಕೆ ಹಾಕಿಸಿದನು. ತಾನು ಸಾಯಹೊರಟಿರುವುದನ್ನು ಮಡದಿಯರಿಗೂ ಮಗಳಂದಿರಿಗೂ ಹೇಳಿ, ಇಚ್ಛೆಯುಳ್ಳವರು ತನ್ನ ದಾರಿಯನ್ನು ಹಿಡಿಯಬಹುದೆಂದನು. ಒಬ್ಬೊಬ್ಬಳೂ ಮಿಂದು, ಗಂಧವನ್ನು ಪೂಸಿಕೊಂಡು, ಅರಸನ ಮುಂದೆ ನೆಲಕ್ಕೆ ನಮಸ್ಕರಿಸಿ ಬೆಂಕಿಗೆ ಹಾರಿದಳು. ಮಂತ್ರಿಗಳ, ಸರದಾರರ ಹೆಂಡಿರೂ ಹಾಗೆಯೇ ಮಾಡಿದರು. ಬಳಿಕ ಅರಸನೂ ಅವನ ಕಡೆಯವರೂ ಮೈಗೆ ಗಂಧ ಹಚ್ಚಿಕೊಂಡು, ಕವಚವಿಲ್ಲದೆ ಆಯುಧಗಳನ್ನು ಹಿಡಿದು ಹೊರಬಿದ್ದು, ಕೊನೆಯವನು ಬೀಳುವವರೆಗೆ ಕಾದಿದರು. ಇದು ನಡೆದದ್ದು ಕ್ರಿ. ಶ. 1327ರಲ್ಲಿ.

ನಮ್ಮ ಅವ್ವನಿಗೆ ಓದು ಬಾರದು. ಪರೀಕ್ಷೆಗೆ ಓದುತ್ತಿದ್ದಾಗ ಒಂದು ರಾತ್ರಿ ಈ ಭಾಗವನ್ನು ಅವಳಿಗೆ ಹೇಳಿದೆ. ಅರಸನು ಕೊಟ್ಟ ಮಾತಿಗೆ ತಪ್ಪಲಿಲ್ಲವೆಂದು ನಾನು ಹೆಮ್ಮೆಯಿಂದ ಹೇಳಿದಾಗ ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, ಮಾತು ಕೊಡುವಾಗ ಆ ಹೆಣ್ಣುಮಕ್ಕಳನ್ನು ಯಾರಾದರೂ ಕೇಳಿದ್ದರೇನು ಎಂದಳು. ನಾನು ಓದಿದ ಯಾವ ಇತಿಹಾಸದ ಪುಸ್ತಕದಲ್ಲಿಯೂ ಈ ಪ್ರಶ್ನೆ ಇರಲಿಲ್ಲ. ಇಚ್ಛೆಯುಳ್ಳವರು ಎಂದು ಪ್ರವಾಸಿ ಬರೆದಿದ್ದಾನೆ, ನಿಜ. ಆದರೆ ಕೋಟೆಯ ಹೊರಗೆ ಶತ್ರು, ಒಳಗೆ ಹಸಿವು, ಮುಂದೆ ಬೆಂಕಿ, ಎದುರಿಗೆ ಗಂಡನೇ ಅರಸನಾಗಿ ನಿಂತಿರುವಾಗ ಇಚ್ಛೆಯೆಂಬ ಮಾತಿಗೆ ಎಷ್ಟು ಅರ್ಥವಿದೆ? ಹೊಸದುರ್ಗದಲ್ಲಿ ಮಡಿದ ಗಂಡಸರಲ್ಲಿ ಕೆಲವರ ಹೆಸರಾದರೂ ಕಥೆಯಲ್ಲಿ ಉಳಿದಿದೆ. ಬೆಂಕಿಗೆ ಹಾರಿದವರ ಹೆಸರನ್ನು ಆ ಪ್ರವಾಸಿ ಬರೆಯಲಿಲ್ಲ. ಕಂಪಿಲನನ್ನು ನಾನು ಗೌರವಿಸುತ್ತೇನೆ. ಆದರೆ ಅವನ ಮಾತಿನ ಬೆಲೆಯನ್ನು ಅವನೊಬ್ಬನೇ ತೆರಲಿಲ್ಲವೆಂಬುದನ್ನೂ ಸೇರಿಸಿ ಹೇಳದಿದ್ದರೆ ಅದು ಅರ್ಧ ಚರಿತ್ರೆಯಾದೀತು.

ಇನ್ನು ನಮ್ಮ ಕಾವ್ಯಗಳ ಕಡೆಗೆ ತಿರುಗೋಣ. ಹದಿನಾರನೆಯ ಶತಮಾನದಲ್ಲಿ ನಂಜುಂಡ ಕವಿಯು ಸಾಂಗತ್ಯದಲ್ಲಿ ಕುಮಾರರಾಮನ ಕಥೆಯನ್ನು ಬರೆದನು. ಬೇರೆ ಕವಿಗಳೂ ಬರೆದರು. ಕಥೆಯು ಎಲ್ಲರಿಗೂ ತಿಳಿದದ್ದೇ. ರಾಮನ ಚೆಂಡು ಹೋಗಿ ಚಿಕ್ಕತಾಯಿ ರತ್ನಾಜಿಯ ಅರಮನೆಯಲ್ಲಿ ಬೀಳುತ್ತದೆ. ಅದನ್ನು ತರಲು ಹೋದ ರಾಮನಲ್ಲಿ ಅವಳು ಮೋಹಗೊಳ್ಳುತ್ತಾಳೆ. ಅವನು ತಾಯಿಯೆಂದು ಕೈಮುಗಿದು ಹೊರಡುತ್ತಾನೆ. ಅವಳು ಅವನ ಮೇಲೆಯೇ ದೂರು ಹೇಳುತ್ತಾಳೆ. ಕಂಪಿಲನು ವಿಚಾರಿಸದೆ ಮಗನ ವಧೆಗೆ ಅಪ್ಪಣೆ ಕೊಡುತ್ತಾನೆ. ಮಂತ್ರಿ ಬೈಚಪ್ಪನು ರಾಮನನ್ನು ನೆಲಮನೆಯಲ್ಲಿ ಬಚ್ಚಿಟ್ಟು ಬೇರೊಂದು ತಲೆಯನ್ನು ತೋರಿಸುತ್ತಾನೆ. ದಿಲ್ಲಿಯ ದಂಡು ಬಂದಾಗ ರಾಮನು ಹೊರಬಂದು ಕಾದಿ, ಕೊನೆಗೆ ವೀರಮರಣವನ್ನು ಪಡೆಯುತ್ತಾನೆ.

ಬಹು ಸೊಗಸಾದ ಕಥೆ. ಬಯಲಾಟದಲ್ಲಿ ಇದನ್ನು ನೋಡುತ್ತ ಬೆಳಗು ಹರಿದದ್ದು ತಿಳಿಯುವುದಿಲ್ಲ. ಆದರೆ ಇದರಲ್ಲಿ ಕಂಪಿಲನಿಗೆ ಉಳಿದದ್ದು ಅವಿವೇಕ ಮಾತ್ರ. ಆಶ್ರಯ ಬೇಡಿ ಬಂದ ತುರುಕ ಸರದಾರನ ಪ್ರಸಂಗವೂ ಕಾವ್ಯದಲ್ಲಿ ಇಲ್ಲದಿಲ್ಲ. ಅಲ್ಲಿ ಅಭಯ ಕೊಟ್ಟ ಕೀರ್ತಿಯೂ ಮಗನ ಪಾಲಿಗೆ ಹೋಗಿದೆ. ಕಾವ್ಯಕ್ಕೆ ಒಬ್ಬ ನಾಯಕ ಸಾಕು. ಇನ್ನೂರು ವರ್ಷಗಳ ಮೇಲೆ ಬರೆದ ಕವಿಗೆ ತಂದೆಯೂ ಮಗನೂ ಇಬ್ಬರೂ ದೊಡ್ಡವರಾಗಿರುವುದು ಅನುಕೂಲವಾಗಿರಲಿಲ್ಲವೆಂದು ತೋರುತ್ತದೆ. ರತ್ನಾಜಿಯ ಕಥೆಯು ಸುಳ್ಳೆಂದು ಸಾಧಿಸುವುದು ನನ್ನ ಕೆಲಸವಲ್ಲ. ಚಿಕ್ಕತಾಯಿಯು ಮಲಮಗನಲ್ಲಿ ಮೋಹಗೊಳ್ಳುವ ಕಥೆ ಗ್ರೀಕರಲ್ಲಿಯೂ ಉಂಟು, ಅಶೋಕನ ಮಗ ಕುಣಾಲನ ವಿಷಯದಲ್ಲಿಯೂ ಉಂಟು; ಅಷ್ಟನ್ನು ನೆನಪಿಟ್ಟುಕೊಂಡು ಆ ಮುದುಕನ ಮೇಲಿನ ಸಿಟ್ಟನ್ನು ಸ್ವಲ್ಪ ಇಳಿಸಿಕೊಳ್ಳಬಹುದು.

ಗುರ್ಷಾಸ್ಪನು ದೋರಸಮುದ್ರದ ಕಡೆಗೆ ಹೋದನಷ್ಟೆ. ಸುಲ್ತಾನನ ಸೇನೆ ಬೆನ್ನಟ್ಟಿ ಬಂದಾಗ ಬಲ್ಲಾಳನು ಅವನನ್ನು ಹಿಡಿದು ಒಪ್ಪಿಸಿಬಿಟ್ಟನು. ಸುಲ್ತಾನನು ಅವನ ಚರ್ಮವನ್ನು ಜೀವಸಹಿತ ಸುಲಿಸಿದನು, ಅದಕ್ಕೆ ಹುಲ್ಲು ತುಂಬಿಸಿ ನಾಡಿನಲ್ಲಿ ಮೆರೆಸಿದನು. ಅವನ ಮಾಂಸವನ್ನು ಅನ್ನದೊಡನೆ ಬೇಯಿಸಿ ಅವನ ಹೆಂಡತಿ ಮಕ್ಕಳಿಗೇ ಕಳುಹಿಸಿದನೆಂದು ಬರೆದಿರುವುದನ್ನು ಓದಿದ ದಿನ ನನಗೆ ಊಟ ಸೇರಲಿಲ್ಲ. ಬಲ್ಲಾಳನು ತನ್ನ ರಾಜ್ಯವನ್ನು ಉಳಿಸಿಕೊಂಡನು. ಅವನನ್ನು ಹೇಡಿಯೆನ್ನುವುದು ಸುಲಭ. ಆದರೆ ಮುಂದಿನ ಹದಿನೈದು ವರ್ಷ ದಕ್ಷಿಣದಲ್ಲಿ ಸುಲ್ತಾನರನ್ನು ಎದುರಿಸುತ್ತ ನಿಂತವನೂ ಅವನೇ. 1342ರ ಸುಮಾರಿಗೆ, ಎಂಬತ್ತರ ಮುಪ್ಪಿನಲ್ಲಿ, ಮಧುರೆಯ ಸುಲ್ತಾನನಿಗೆ ಸೆರೆಸಿಕ್ಕಿ ಹತನಾದನು. ಅವನ ಚರ್ಮಕ್ಕೂ ಹುಲ್ಲು ತುಂಬಿ ಮಧುರೆಯ ಗೋಡೆಗೆ ತೂಗುಹಾಕಿದ್ದರು. ಅದನ್ನು ಇಬ್ನ್ ಬತೂತನೇ ಕಣ್ಣಾರೆ ಕಂಡನು.

ಕಂಪಿಲನ ರಾಜ್ಯವು ದಿಲ್ಲಿಯ ವಶವಾಯಿತು. ಆದರೆ ಹತ್ತು ವರ್ಷವೂ ಅವರ ಕೈಯಲ್ಲಿ ನಿಲ್ಲಲಿಲ್ಲ. ಹರಿಹರ ಬುಕ್ಕರು ಕಂಪಿಲನ ಬೊಕ್ಕಸದ ಅಧಿಕಾರಿಗಳಾಗಿದ್ದು ದಿಲ್ಲಿಗೆ ಸೆರೆಹೋಗಿ ಹಿಂದಿರುಗಿದರೆಂಬುದು ಒಂದು ಸಂಪ್ರದಾಯ. ಅವರು ಹೊಯ್ಸಳರ ಕಡೆಯವರೆಂದು ವಾದಿಸುವ ಇತಿಹಾಸಕಾರರೂ ಇದ್ದಾರೆ. ವಾದ ಹೇಗಾದರೂ ಇರಲಿ, 1336ರಲ್ಲಿ ಅವರು ನೆಲೆಯೂರಿದ್ದು ಕಂಪಿಲನು ಗುಡಿ ಕಟ್ಟಿಸಿದ ಹೇಮಕೂಟದ ಅಡಿಯಲ್ಲಿಯೇ, ಅವನ ಹೊಳೆಯ ದಂಡೆಯಲ್ಲಿಯೇ, ಅವನ ಬಂಡೆಗಳ ನಡುವೆಯೇ.

ಕಂಪಿಲನ ಮಕ್ಕಳಲ್ಲಿ ಹನ್ನೊಂದು ಮಂದಿ ಸೆರೆಸಿಕ್ಕಿದ್ದರು. ಅವರನ್ನು ಸುಲ್ತಾನನಲ್ಲಿಗೆ ಒಯ್ದರು. ಆತನು ಅವರನ್ನು ಇಸ್ಲಾಂ ಮತಕ್ಕೆ ಸೇರಿಸಿದನು; ಆದರೆ ಅವರ ಕುಲವನ್ನೂ ತಂದೆಯ ನಡತೆಯನ್ನೂ ನೆನೆದು ಎಲ್ಲರಿಗೂ ಅಮೀರ ಪದವಿಯನ್ನಿತ್ತು ಮರ್ಯಾದೆಯಿಂದ ನಡೆಸಿಕೊಂಡನು. ಗುರ್ಷಾಸ್ಪನ ಚರ್ಮವನ್ನು ಸುಲಿಸಿದ ಅದೇ ಸುಲ್ತಾನ! ಇಬ್ನ್ ಬತೂತನು ಅವರಲ್ಲಿ ಮೂವರನ್ನು ದಿಲ್ಲಿಯಲ್ಲಿ ಕಂಡಿದ್ದನು. ಒಬ್ಬನ ಹೆಸರು ನಸರ್, ಇನ್ನೊಬ್ಬನು ಬಖ್ತಿಯಾರ್. ಅವರಿಗೆ ತಾಯಿ ಇಟ್ಟ ಕನ್ನಡದ ಹೆಸರುಗಳು ಅವನ ಪುಸ್ತಕದಲ್ಲಿಲ್ಲ. ಮೂರನೆಯವನನ್ನು ಅಬೂ ಮುಸ್ಲಿಮನೆಂದು ಕರೆಯುತ್ತಿದ್ದರು. ಪ್ರವಾಸಿಗೂ ಅವನಿಗೂ ಗೆಳೆತನ ಬೆಳೆದಿತ್ತು. ಪ್ರಾಯಶಃ ಹೊಸದುರ್ಗದ ಕೊನೆಯ ದಿನಗಳ ವೃತ್ತಾಂತವನ್ನು ಪ್ರವಾಸಿಯು ಕೇಳಿದ್ದು ಇವರ ಬಾಯಿಂದಲೇ. ತುಂಗಭದ್ರೆಯ ನೀರು ಕುಡಿದು ಬೆಳೆದ ಈ ಹುಡುಗನಿಗೆ ದಿಲ್ಲಿಯ ಅರಮನೆಯಲ್ಲಿ ದೊರೆತಿದ್ದ ಉದ್ಯೋಗವೆಂದರೆ, ಸುಲ್ತಾನನು ಕುಡಿಯುವ ನೀರಿಗೆ ಒತ್ತುವ ಮುದ್ರೆಯನ್ನು ಕಾಯುವುದು.